ಬೇನೆಯ ಬೆಲೆ

ಒಂಬತ್ತನೆಯ ತರಗತಿಯವರಿಗೆ ಪತ್ರಲೇಖನವನ್ನು ಕಲಿಸುವಾಗ ನಾನು ಮೊದಲು ಹೇಳಿಕೊಡುವುದು ರಜೆಯ ಅರ್ಜಿಯನ್ನು. ಕಾರಣವನ್ನು ಒಂದೇ ವಾಕ್ಯದಲ್ಲಿ, ಕಾರಕಗಳು ಕೆಡದಂತೆ ಬರೆಯಬೇಕೆಂಬುದು ನನ್ನ ನಿಯಮ. 2024ರ ಮಳೆಗಾಲದಲ್ಲಿ ಒಬ್ಬ ವಿದ್ಯಾರ್ಥಿಯು ನನ್ನ ಕೈಗಿತ್ತ ಅರ್ಜಿಯಲ್ಲಿ ಹೀಗಿತ್ತು: “ನಮ್ಮ ತಂದೆಯವರ ಜ್ವರಕ್ಕೆ ಹಸುವನ್ನು ಮಾರಬೇಕಾಗಿರುವುದರಿಂದ ನಾಳೆ ಸಂತೆಯ ದಿನ ನನಗೆ ರಜೆ ದಯಪಾಲಿಸಬೇಕು.” ನಾನು ಕೆಂಪು ಮಸಿಯಿಂದ ‘ಜ್ವರಕ್ಕೆ’ ಎಂಬುದನ್ನು ಹೊಡೆದು, ‘ಜ್ವರದ ಚಿಕಿತ್ಸೆಯ ವೆಚ್ಚಕ್ಕಾಗಿ’ ಎಂದು ತಿದ್ದಿ, ಅರ್ಜಿಯನ್ನು ಹಿಂದಕ್ಕೆ ಕೊಟ್ಟೆನು. ಅವನು ಹೊರಟುಹೋದ ಮೇಲೆ ವಾಕ್ಯದ ಅರ್ಥವು ನನ್ನ ತಲೆಗೆ ಹತ್ತಿತು. ಚತುರ್ಥೀ ವಿಭಕ್ತಿಯು ಸಂಪ್ರದಾನಾರ್ಥದಲ್ಲಿ ಬರುವುದೆಂದು, ಎಂದರೆ ಯಾರಿಗೆ ಕೊಡಲಾಗುವುದೋ ಅವರನ್ನು ಸೂಚಿಸುವುದೆಂದು, ಪಾಠ ಹೇಳಿದವನು ನಾನೇ. ಹುಡುಗನ ಪ್ರಯೋಗದಲ್ಲಿ ದೋಷವಿರಲಿಲ್ಲ. ಹಸುವು ಜ್ವರಕ್ಕೇ ಹೋಗಿತ್ತು.

ಸಂಪಾದಕ ಮಂಡಲಿಯವರು ಈ ಸಂಚಿಕೆಗಾಗಿ ನನ್ನಿಂದ ನಿರೀಕ್ಷಿಸಿದ್ದು ವಚನ ವಾಙ್ಮಯವನ್ನು ಕುರಿತ ಪ್ರಬಂಧವನ್ನು. ಅದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡು, ಸಾಮಾನ್ಯ ಕಾಯಿಲೆಗಳಿಗಾಗಿ ನಮ್ಮ ಮನೆಗಳಿಂದ ಹೊರಟುಹೋಗುತ್ತಿರುವ ಹಣದ ವಿಚಾರವನ್ನು ಇಲ್ಲಿ ಬರೆಯಲು ಅವರ ಅಪ್ಪಣೆ ಬೇಡಿದ್ದೇನೆ. ನಾನು ವೈದ್ಯನಲ್ಲ, ಅರ್ಥಶಾಸ್ತ್ರಜ್ಞನೂ ಅಲ್ಲ. ಆದರೆ ನಮ್ಮ ಭಾಷೆಯಲ್ಲಿ ‘ಪಂಡಿತ’ ಎಂಬ ಶಬ್ದವು ವ್ಯಾಕರಣ ಬಲ್ಲವನಿಗೂ ನಾಡಿ ಹಿಡಿಯುವವನಿಗೂ ಸಮನಾಗಿ ಸಲ್ಲುತ್ತ ಬಂದಿರುವುದರಿಂದ, ಅಷ್ಟರ ಮಟ್ಟಿಗೆ ಅಧಿಕಾರವುಂಟೆಂದು ಭಾವಿಸುತ್ತೇನೆ.

‘ವೇದನೆ’ ಎಂಬ ಸಂಸ್ಕೃತ ಶಬ್ದವೇ ತದ್ಭವವಾಗಿ ‘ಬೇನೆ’ಯಾಯಿತು, ‘ವೈದ್ಯ’ನು ಹಳಗನ್ನಡದಲ್ಲಿ ‘ಬೆಜ್ಜ’ನಾದನು. ತದ್ಭವವಾಗಬೇಕಾದರೆ ಒಂದು ಶಬ್ದವು ಜನರ ನಾಲಗೆಯ ಮೇಲೆ ಬಹುಕಾಲ ಹೊರಳಿರಬೇಕು. ಬೇನೆಯೂ ಬೆಜ್ಜನೂ ಅಷ್ಟು ಹಳೆಯ ಕಾಲದಿಂದ ನಮ್ಮ ಹಳ್ಳಿಗಳಲ್ಲಿ ಇದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ಚಿಕಿತ್ಸೆಯೇ ಆತನ ಕಾಯಕ. ಅದೇ ಕಾಲಕ್ಕೆ ಸೇರಿದ, ಕ್ರಿ.ಶ. 1162ರ ಶಾಸನವೊಂದು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿದೆ. ಅಲ್ಲಿಯ ಕೋಡಿಯಮಠವು ಕಾಳಾಮುಖ ಶೈವರದು. ಆ ಮಠದಲ್ಲಿ ನಡೆಯುತ್ತಿದ್ದ ಶಾಸ್ತ್ರಪಾಠಗಳನ್ನು ಎಣಿಸುತ್ತಾ ಹೋಗುವ ಶಾಸನವು, ದೀನರಿಗೆ, ಕುಂಟರಿಗೆ, ಕುರುಡರಿಗೆ ಅಲ್ಲಿ ಅನ್ನ ದೊರೆಯುತ್ತಿದ್ದುದನ್ನೂ, ಅನಾಥ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿದ್ದುದನ್ನೂ ಹೇಳುತ್ತದೆ. ವ್ಯಾಕರಣ ಪಾಠವೂ ಔಷಧದಾನವೂ ಒಂದೇ ಸೂರಿನ ಕೆಳಗೆ ನಡೆಯುತ್ತಿದ್ದುವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮುಂದೆ ನಮ್ಮ ಮಠಮಾನ್ಯಗಳೂ ಆಸ್ಪತ್ರೆಗಳನ್ನು, ವೈದ್ಯಕೀಯ ಮಹಾವಿದ್ಯಾಲಯಗಳನ್ನು ಕಟ್ಟಿದುವು. ಅವುಗಳಿಂದ ಆಗಿರುವ ಉಪಕಾರವು ದೊಡ್ಡದು. ಅಲ್ಲಿಯೂ ಈಗ ಚೀಟಿ ಮಾಡಿಸುವ ಕಿಂಡಿಯ ಮುಂದೆ ಹಣ ಎಣಿಸುವವರನ್ನು ಕಾಣುತ್ತೇವೆಂಬುದನ್ನೂ ಮರೆಮಾಚಬೇಕಾದುದಿಲ್ಲ.

ನನ್ನ ಬಾಲ್ಯದಲ್ಲಿ ಜ್ವರ ಬಂದರೆ ಮನೆಯಿಂದಲೇ ಒಂದು ಖಾಲಿ ಸೀಸೆಯನ್ನು ತೊಳೆದುಕೊಂಡು ದವಾಖಾನೆಗೆ ಹೋಗುತ್ತಿದ್ದೆವು. ಕಾಂಪೌಂಡರನು ಅದರಲ್ಲಿ ಕೆಂಪು ಬಣ್ಣದ ಮಿಕ್ಸ್ಚರನ್ನು ತುಂಬಿ, ಹೊತ್ತು ಹೊತ್ತಿಗೆ ಎಷ್ಟು ಕುಡಿಯಬೇಕೆಂಬುದಕ್ಕೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಸೀಸೆಗೆ ಅಂಟಿಸಿ ಕೊಡುತ್ತಿದ್ದನು. ಆ ಕಾಲವನ್ನು ನಾನು ಹೊಗಳುತ್ತಿಲ್ಲ. ಅಂದು ವಾಂತಿಭೇದಿಯಿಂದ ಸಾಯುತ್ತಿದ್ದ ಮಕ್ಕಳು ಇಂದು ಬದುಕುತ್ತಿದ್ದಾರೆ. ಕನ್ನಡ ಪಂಡಿತನಾದವನು ಕಷಾಯವನ್ನೂ ಹಿಂದಿನ ಕಾಲವನ್ನೂ ಕೊಂಡಾಡಬೇಕೆಂಬ ನಿರೀಕ್ಷೆಯು ಹಲವರಿಗಿದೆ, ಅದನ್ನು ಈಡೇರಿಸಲಾರೆ. ಹೇಳಬೇಕಾದುದು ಇಷ್ಟೆ: ಅಂದು ವೈದ್ಯನ ನೋಟ, ಔಷಧ ಇವೆರಡಕ್ಕೂ ಕೂಡಿ ಒಂದೇ ಬೆಲೆಯಿತ್ತು. ಇಂದು ನೋಟಕ್ಕೊಂದು, ರಕ್ತಪರೀಕ್ಷೆಗೊಂದು, ಔಷಧಕ್ಕೊಂದು, ಮಂಚಕ್ಕೊಂದು, ಹೀಗೆ ಬೆಲೆಗಳು ಕವಲೊಡೆದಿವೆ. ಇವುಗಳಲ್ಲಿ ಯಾವುದು ಎಷ್ಟೆಂಬುದು ರೋಗಿಗೆ ಮುಂಚಿತವಾಗಿ ತಿಳಿಯುವುದಿಲ್ಲ. ಸಂತೆಯಲ್ಲಿ ಬದನೆಕಾಯಿಯನ್ನು ಚೌಕಾಸಿ ಮಾಡಿ ಕೊಳ್ಳುವ ಗೃಹಿಣಿಯು ಇಲ್ಲಿ ಬಾಯಿ ತೆರೆಯಲಾರಳು.

ಇನ್ನು ಅಂಕಿಗಳಿಗೆ ಬರೋಣ. ಕೇಂದ್ರ ಸರ್ಕಾರವು ಪ್ರಕಟಿಸುವ ರಾಷ್ಟ್ರೀಯ ಆರೋಗ್ಯ ಲೆಕ್ಕಗಳಲ್ಲಿ ‘ಜನರು ತಮ್ಮ ಕೈಯಿಂದ ತೆತ್ತ ವೆಚ್ಚ’ವೆಂಬ ಒಂದು ಬಾಬತ್ತು ಇದೆ. ವಿಮೆಯೂ ಸರ್ಕಾರವೂ ಕೊಡದೆ, ರೋಗಿಯ ಮನೆಯವರು ನೇರವಾಗಿ ಕೊಟ್ಟ ಹಣವಿದು. 2013-14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಇದರ ಪಾಲು ಶೇಕಡಾ 64.2 ಇದ್ದಿತು, 2021-22ರಲ್ಲಿ ಶೇಕಡಾ 39.4ಕ್ಕೆ ಇಳಿಯಿತು. ಇದನ್ನು ಓದಿದವರು, ಹಾಗಾದರೆ ಜನರ ಹೊರೆ ಇಳಿಯಿತಲ್ಲವೆ ಎಂದು ಕೇಳುವುದು ಸಹಜ. ಪಾಲು ಇಳಿದುದು ನಿಜ. ಸರ್ಕಾರದ ವೆಚ್ಚವು ಏರಿತು, ಅದರಲ್ಲಿಯೂ ಕೊರೋನಾ ವರ್ಷಗಳಲ್ಲಿ ಬಹಳ ಏರಿತು. ಆದರೆ ಮೊತ್ತವನ್ನು ನೋಡಿದರೆ, ಜನರು ಕೈಯಿಂದ ಕೊಟ್ಟ ಹಣವು ಸುಮಾರು 2 ಲಕ್ಷ 90 ಸಾವಿರ ಕೋಟಿ ರೂಪಾಯಿಗಳಿಂದ ಸುಮಾರು 3 ಲಕ್ಷ 56 ಸಾವಿರ ಕೋಟಿಗೆ ಬೆಳೆದಿದೆ. ರೂಪಾಯಿಯ ಬೆಲೆ ತಗ್ಗಿರುವುದನ್ನು ಕಳೆದರೆ ಈ ಏರಿಕೆಯು ಉಳಿಯದೆಂದು ಬಲ್ಲವರು ವಾದಿಸಬಹುದು. ವಾದವು ಸರಿಯಾದುದೇ. ಆದರೆ ಸರಾಸರಿಗೆ ಜ್ವರ ಬರುವುದಿಲ್ಲ. ಆ ವರ್ಷ ಯಾರೂ ಕಾಯಿಲೆ ಬೀಳದ ಮನೆಯನ್ನೂ, ಹಸು ಮಾರಿದ ಮನೆಯನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಎರಡು ಮನೆಗಳೂ ಅರ್ಧ ಹಸುವನ್ನು ಮಾರಿದಂತೆ ತೋರುತ್ತದೆ.

ಆದುದರಿಂದ ಕಾಯಿಲೆ ಬಿದ್ದವರನ್ನೇ ಕೇಳಿ ಸಿದ್ಧಪಡಿಸಿದ ಲೆಕ್ಕವನ್ನು ನೋಡಬೇಕು. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಇದನ್ನು ಮಾಡುತ್ತಾರೆ. 2004ರ ಸಮೀಕ್ಷೆಯಲ್ಲಿ ಹಳ್ಳಿಯವನೊಬ್ಬನು ಖಾಸಗಿ ಆಸ್ಪತ್ರೆಯಲ್ಲಿ ಒಮ್ಮೆ ಒಳರೋಗಿಯಾದರೆ ತಗಲುತ್ತಿದ್ದ ಸರಾಸರಿ ವೈದ್ಯಕೀಯ ವೆಚ್ಚ 7,408 ರೂಪಾಯಿ. 2017-18ರ ಸಮೀಕ್ಷೆಯಲ್ಲಿ ಅದು 27,347 ರೂಪಾಯಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದೇ ಅವಧಿಯಲ್ಲಿ 3,238ರಿಂದ 4,290ಕ್ಕೆ ಮಾತ್ರ ಏರಿತು. ಈ ಎರಡು ಸಾಲುಗಳನ್ನು ಅಕ್ಕಪಕ್ಕದಲ್ಲಿ ಬರೆದುಕೊಂಡು ನೋಡಿದ ಯಾವ ವಿದ್ಯಾರ್ಥಿಯಾದರೂ, ಜನರು ಸರ್ಕಾರಿ ಆಸ್ಪತ್ರೆಗೇ ಏಕೆ ಹೋಗಬಾರದೆಂದು ಕೇಳುತ್ತಾನೆ. ಆದರೆ ಅದೇ ಸಮೀಕ್ಷೆಯ ಪ್ರಕಾರ, ಚಿಕಿತ್ಸೆ ಪಡೆದ ಕಾಯಿಲೆಗಳಲ್ಲಿ ಸರ್ಕಾರಿ ಸಂಸ್ಥೆಗಳಿಗೆ ಬಂದುವು ನೂರರಲ್ಲಿ ಸುಮಾರು ಮೂವತ್ತು ಮಾತ್ರ.

ಉತ್ತರವು ನಮ್ಮ ವಿದ್ಯಾರ್ಥಿಯ ಮನೆಯಲ್ಲಿಯೇ ಇತ್ತು. ಅವನ ತಂದೆ ಕೂಲಿಯವನು. ಜ್ವರ ಬಂದ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಅಂದಿನ ಕೂಲಿ ತಪ್ಪುತ್ತದೆ. ವೈದ್ಯರು ಅಂದು ಇರುವರೆಂಬ ಭರವಸೆಯೂ ಇಲ್ಲ. ಆದುದರಿಂದ ಸಂಜೆ ಊರಿನಲ್ಲಿಯೇ ಸೂಜಿ ಹಾಕುವವನೊಬ್ಬನ ಬಳಿಗೆ ಹೋದನು. ಮೂರು ದಿನ ಮೂರು ಸೂಜಿ, ಒಂದು ಗ್ಲೂಕೋಸ್ ಬಾಟ್ಲಿ. ನಾಲ್ಕನೆಯ ದಿನ ಮೈಯೆಲ್ಲ ನೋವು, ವಾಂತಿ. ಗಾಬರಿಯಿಂದ ಬಾಡಿಗೆ ಕಾರು ಹಿಡಿದು ತಾಲ್ಲೂಕು ಕೇಂದ್ರದ ಒಂದು ಖಾಸಗಿ ಶುಶ್ರೂಷಾಲಯಕ್ಕೆ ಕೊಂಡೊಯ್ದರು. ಡೆಂಗ್ಯೂ ಎಂದಾಯಿತು. ದಿನಕ್ಕೆರಡು ಬಾರಿ ಪ್ಲೇಟ್‌ಲೆಟ್ಟಿನ ಎಣಿಕೆ, ಐದು ದಿನ ಮಂಚ. ಆ ವರ್ಷದ ಜುಲೈ ತಿಂಗಳಿನಲ್ಲಿ ರಾಜ್ಯ ಸರ್ಕಾರವು ಡೆಂಗ್ಯೂವಿನ ಎಲೀಸಾ ಪರೀಕ್ಷೆಗಳಿಗೆ ತಲಾ 300 ರೂಪಾಯಿಯೆಂದು ದರ ಕಟ್ಟಿದ್ದಿತು. ಒಳ್ಳೆಯ ಕ್ರಮವೇ. ಆದರೆ ಆ ದರವು ಪರೀಕ್ಷೆಯೊಂದಕ್ಕೆ ಮಾತ್ರ. ಮಂಚ, ದಾದಿಯರ ಆರೈಕೆ, ಸಲೈನು, ದಿನವೂ ಬಂದು ಹೋಗುವ ವೈದ್ಯರ ಶುಲ್ಕ ಇವೆಲ್ಲ ಆ ಕಟ್ಟಳೆಯ ಹೊರಗೆ. ಡೆಂಗ್ಯೂವಿಗೆ ಪ್ರತ್ಯೇಕವಾದ ಮದ್ದಿಲ್ಲ. ಪ್ಯಾರಾಸಿಟಮಾಲ್, ಬೇಕಾದಷ್ಟು ದ್ರವಾಹಾರ, ಅಪಾಯದ ಚಿಹ್ನೆಗಳ ಮೇಲೆ ಎಚ್ಚರದ ಕಣ್ಣು ಇವಿಷ್ಟೇ ಚಿಕಿತ್ಸೆಯ ಸಾರ. ಕುಟುಂಬವು ತೆತ್ತ ಹಣದಲ್ಲಿ ಬಹುಪಾಲು ಆ ಎಚ್ಚರದ ಕಣ್ಣಿಗೆ ತೆತ್ತುದು. ಹಸುವಿನ ಬೆಲೆ ಸಾಲದೆ ತಾಯಿಯು ಸ್ವಸಹಾಯ ಸಂಘದಿಂದ ಸಾಲ ತಂದಳು. ಹಸು ಹೋದುದರಿಂದ ಡೇರಿಯಿಂದ ಬರುತ್ತಿದ್ದ ಹಾಲಿನ ಹಣವೂ ನಿಂತಿತು. ಈ ಕೊನೆಯ ನಷ್ಟವು ಯಾವ ಸಮೀಕ್ಷೆಯ ‘ವೈದ್ಯಕೀಯ ವೆಚ್ಚ’ದ ಬಾಬತ್ತಿನಲ್ಲಿಯೂ ಸೇರುವುದಿಲ್ಲ.

ಗ್ಲೂಕೋಸ್ ಬಾಟ್ಲಿಯ ಮಾತು ಬಂದುದರಿಂದ ಅದರ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅರ್ಧ ಲೀಟರಿನ ಬಾಟ್ಲಿಯ ಮೇಲೆ ಶೇಕಡಾ 5 ಎಂದು ಬರೆದಿದ್ದರೆ ಅದರಲ್ಲಿರುವುದು 25 ಗ್ರಾಂ ಗ್ಲೂಕೋಸ್. ಚಹದ ಚಮಚದಿಂದ ಐದಾರು ಚಮಚ ಸಕ್ಕರೆಯಷ್ಟು. ಬಾಯಿಯಿಂದ ಕುಡಿಯಬಲ್ಲ ರೋಗಿಗೆ ಅದನ್ನು ನರದೊಳಕ್ಕೆ ಇಳಿಸಿಕೊಳ್ಳುವುದರಿಂದ ಶಕ್ತಿ ಬಂದಿತೆಂಬ ಸಮಾಧಾನವಲ್ಲದೆ ಹೆಚ್ಚಿನ ಲಾಭವಿಲ್ಲ. ಇದಕ್ಕೆ ಎದುರಾಗಿ, ಭೇದಿಯಿಂದ ಬಳಲುವವರಿಗೆ ಕೊಡುವ ಓ.ಆರ್.ಎಸ್. ಪುಡಿಯನ್ನು ನೋಡಿರಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನು ಮುಗಿದುಹೋದಾಗ, ಡಾ. ದಿಲೀಪ್ ಮಹಲನಬೀಸರು ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ಬೆರೆಸಿದ ನೀರನ್ನು ಬಾಯಿಯಿಂದಲೇ ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಈಗಿನ ವಿಶ್ವಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ 20.5 ಗ್ರಾಂ ಪುಡಿ: ಗ್ಲೂಕೋಸ್ 13.5, ಉಪ್ಪು 2.6, ಸಿಟ್ರೇಟ್ 2.9, ಪೊಟ್ಯಾಸಿಯಂ ಕ್ಲೋರೈಡ್ 1.5. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಇದು ಪುಕ್ಕಟೆಯಾಗಿ ಸಿಗುತ್ತದೆ. ಪುಕ್ಕಟೆ ಸಿಗುವುದರಿಂದಲೇ ಇದರಲ್ಲಿ ಜನಕ್ಕೆ ನಂಬಿಕೆ ಕಡಿಮೆ. ಇದರ ಹೆಸರನ್ನು ಹೊತ್ತ ಸಿಹಿ ಪಾನೀಯಗಳು ಅಂಗಡಿಗಳಲ್ಲಿ ಹಲವು ಪಟ್ಟು ಬೆಲೆಗೆ ಮಾರಾಟವಾಗುತ್ತಿದ್ದುವು. ಈ ಸೂತ್ರಕ್ಕೆ ಹೊಂದದ ಪಾನೀಯಗಳು ‘ಓ.ಆರ್.ಎಸ್.’ ಎಂಬ ಹೆಸರನ್ನು ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ಆಜ್ಞೆ ಹೊರಡಿಸಬೇಕಾಯಿತು.

ಹೆಸರಿನ ಪ್ರಶ್ನೆಯು ವ್ಯಾಕರಣದ ಪ್ರಶ್ನೆ. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ವಸ್ತುವಾಚಕಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮವೆಂದು ಮೂರು ಬಗೆಯಾಗಿ ವಿಂಗಡಿಸಿ ನೀವು ಓದಿದ್ದೀರಿ. ನದಿ ರೂಢನಾಮ, ಕಾವೇರಿ ಅಂಕಿತನಾಮ, ರೋಗಿ, ವ್ಯಾಪಾರಿ, ಪಂಡಿತ ಇವು ಅನ್ವರ್ಥನಾಮಗಳು. ಔಷಧಗಳಿಗೂ ಹೀಗೆಯೇ. (ಇದನ್ನು ‘ಔಷಧಿ’ ಎಂದು ಬರೆಯುವುದು ರೂಢಿಯಾಗಿದೆ, ಓಷಧಿ ಎಂದರೆ ಗಿಡಮೂಲಿಕೆ, ಅದರಿಂದ ಆದುದು ಔಷಧ.) ಜ್ವರವನ್ನು ಇಳಿಸುವ ದ್ರವ್ಯದ ರೂಢನಾಮ ಪ್ಯಾರಾಸಿಟಮಾಲ್. ಕ್ರೋಸಿನ್, ಕ್ಯಾಲ್ಪಾಲ್, ಡೋಲೊ ಎಂಬುವು ಆಯಾ ತಯಾರಕರು ಇಟ್ಟ ಅಂಕಿತನಾಮಗಳು. ದ್ರವ್ಯವು ಒಂದೇ ಆದರೂ ಅಂಕಿತ ಬೇರೆಯಾದರೆ ಬೆಲೆ ಬೇರೆಯಾಗಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತ್ರೆಗಳಲ್ಲಿ ಈ ಅಂತರವು ಬಹಳ ದೊಡ್ಡದಿರುತ್ತದೆ. ವೈದ್ಯರು ಚೀಟಿಯಲ್ಲಿ ಬರೆಯುವುದು ಸಾಮಾನ್ಯವಾಗಿ ಅಂಕಿತನಾಮವನ್ನು. ಬರೆದ ಅಂಕಿತದ ಬದಲು ಅದೇ ದ್ರವ್ಯದ ಇನ್ನೊಂದನ್ನು ಕೊಡಲು ಔಷಧ ನಿಯಮಗಳು ಅಂಗಡಿಯವನಿಗೆ ಅಧಿಕಾರ ಕೊಟ್ಟಿಲ್ಲ. ಹೀಗಿರಲಾಗಿ ಕೊಳ್ಳುವವನು ಆರಿಸುವಂತಿಲ್ಲ, ಆರಿಸುವವನು ಕೊಳ್ಳುವುದಿಲ್ಲ. ಬೇರೆ ಯಾವ ಪೇಟೆಯಲ್ಲಿಯೂ ಇಂಥ ವಿಚಿತ್ರವನ್ನು ಕಾಣೆವು.

ಸರ್ಕಾರವು ಇದನ್ನು ಅರಿಯದೆ ಇಲ್ಲ. 1979ರ ಔಷಧ ಬೆಲೆ ನಿಯಂತ್ರಣ ಆಜ್ಞೆಯು 347 ಮೂಲದ್ರವ್ಯಗಳ ಬೆಲೆಯನ್ನು ಕಟ್ಟಿಹಾಕಿದ್ದಿತು. 1995ರ ಆಜ್ಞೆಯ ಹೊತ್ತಿಗೆ ಅವು ಎಪ್ಪತ್ತರ ಆಸುಪಾಸಿಗೆ ಇಳಿದುವು. 2013ರ ಆಜ್ಞೆಯು ಅತ್ಯಾವಶ್ಯಕ ಔಷಧಗಳ ಪಟ್ಟಿಯನ್ನು ಆಧಾರವಾಗಿರಿಸಿಕೊಂಡು ವ್ಯಾಪ್ತಿಯನ್ನು ಮತ್ತೆ ಹಿಗ್ಗಿಸಿತು. ಆದರೆ ತಯಾರಿಕೆಯ ವೆಚ್ಚವನ್ನು ನೋಡಿ ಬೆಲೆ ಕಟ್ಟುವ ಹಳೆಯ ಕ್ರಮವನ್ನು ಬಿಟ್ಟು, ಪೇಟೆಯಲ್ಲಿರುವ ಬೆಲೆಗಳ ಸರಾಸರಿಯನ್ನೇ ಮೇಲ್ಮಿತಿಯಾಗಿ ಅಂಗೀಕರಿಸಿತು. ಸಗಟು ಬೆಲೆಯ ಸೂಚ್ಯಂಕ ಏರಿದಷ್ಟೂ ಈ ಮೇಲ್ಮಿತಿಯು ಪ್ರತಿ ಏಪ್ರಿಲಿನಲ್ಲಿ ಏರಬಹುದು. 2022ರಲ್ಲಿ ಶೇಕಡಾ ಸುಮಾರು 10.8, 2023ರಲ್ಲಿ ಶೇಕಡಾ 12.1 ಏರಿತು. ಪಟ್ಟಿಯ ಹೊರಗಿನ ಔಷಧಗಳು ವರ್ಷಕ್ಕೆ ಶೇಕಡಾ 10ರವರೆಗೆ ಯಾರನ್ನೂ ಕೇಳದೆ ಏರಬಹುದು. ಕೂಲಿಯ ದರವು ಹಾಗೆ ತಾನಾಗಿ ಏರುವ ಏರ್ಪಾಡು ನಮ್ಮ ಹಳ್ಳಿಗಳಲ್ಲಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಬಹುಪಾಲು ಔಷಧಗಳ ಮೇಲಿನ ಜಿ.ಎಸ್.ಟಿ.ಯು ಶೇಕಡಾ 12ರಿಂದ 5ಕ್ಕೆ ಇಳಿದುದು ಸ್ವಲ್ಪ ಉಸಿರಾಡುವಂತೆ ಮಾಡಿದೆ.

2008ರಲ್ಲಿ ಆರಂಭವಾದ ಜನೌಷಧಿ ಮಳಿಗೆಗಳು ರೂಢನಾಮದಲ್ಲಿಯೇ ಔಷಧಗಳನ್ನು ಮಾರುತ್ತವೆ. ಬೆಲೆಯು ಎಷ್ಟೋ ವೇಳೆ ಅಂಕಿತದ ಔಷಧದ ಅರ್ಧಕ್ಕಿಂತಲೂ ಕಡಿಮೆ. ವೈದ್ಯರೆಲ್ಲರೂ ರೂಢನಾಮವನ್ನೇ ಬರೆಯತಕ್ಕದ್ದೆಂದು 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ನಿಯಮ ಮಾಡಿತು. ವೈದ್ಯರ ವಿರೋಧದಿಂದ ಅದೇ ತಿಂಗಳಲ್ಲಿ ಅದನ್ನು ತಡೆಹಿಡಿಯಿತು. ವೈದ್ಯರ ಆಕ್ಷೇಪವು ಕೇವಲ ಸ್ವಾರ್ಥದ್ದೆಂದು ನಾನು ಹೇಳಲಾರೆ. ಅಗ್ಗದ ಔಷಧದ ಗುಣವನ್ನು ಯಾರು ಪರೀಕ್ಷಿಸುತ್ತಾರೆಂದು ಅವರು ಕೇಳುತ್ತಾರೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರು ಸಾವಿಗೀಡಾದಾಗ, ಸರಬರಾಜಾಗಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಿದ್ದು ರಾಜ್ಯವು ಅದರ ಬಳಕೆಯನ್ನು ನಿಲ್ಲಿಸಿತು. ಆ ಸುದ್ದಿಯನ್ನು ಕೇಳಿದ ಬಡವನು ಮುಂದಿನ ಸಲ ಸಾಲ ಮಾಡಿಯಾದರೂ ಖಾಸಗಿಯವರಲ್ಲಿಗೆ ಹೋದರೆ ಅವನನ್ನು ಅವಿವೇಕಿಯೆನ್ನಲು ನನಗೆ ನಾಲಗೆ ಬಾರದು. ಪುಕ್ಕಟೆಯ ಔಷಧದ ಮೇಲೆ ನಂಬಿಕೆ ಬರಬೇಕಾದರೆ ಅದನ್ನು ಪರೀಕ್ಷಿಸುವ ಪ್ರಯೋಗಶಾಲೆಗೆ ಸರ್ಕಾರವು ಹಣ ಹಾಕಬೇಕು.

ವಿಮೆಯ ವಿಚಾರವನ್ನು ಬೇಗ ಮುಗಿಸುತ್ತೇನೆ. 2003ರ ಯಶಸ್ವಿನಿಯಿಂದ ಮೊದಲಾಗಿ 2018ರ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕದವರೆಗೆ ನಮ್ಮ ರಾಜ್ಯವು ಹಲವು ಯೋಜನೆಗಳನ್ನು ಕಂಡಿದೆ; ಹೃದಯದ ಶಸ್ತ್ರಚಿಕಿತ್ಸೆಯಂಥ ದೊಡ್ಡ ಗಂಡಾಂತರಗಳಲ್ಲಿ ಅವು ಎಷ್ಟೋ ಮನೆಗಳನ್ನು ಉಳಿಸಿವೆ. ಆದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ದೊರೆಯುವ ನೆರವು ಒಳರೋಗಿಗೆ. ಮನೆಯಲ್ಲಿ ಮಲಗಿ ಮಾತ್ರೆ ನುಂಗುವವನಿಗೆ ಅದರಿಂದ ಕಾಸೂ ಇಲ್ಲ. ಜನರ ಕೈಯಿಂದ ನಿತ್ಯ ಹೋಗುವ ಹಣವಾದರೋ ಮಾತ್ರೆಗೇ. 2014ರ ಸಮೀಕ್ಷೆಯಲ್ಲಿ, ಹಳ್ಳಿಗಳಲ್ಲಿ ಆಸ್ಪತ್ರೆಗೆ ಸೇರದೆ ಪಡೆದ ಚಿಕಿತ್ಸೆಯ ವೆಚ್ಚದಲ್ಲಿ ಶೇಕಡಾ 72ರಷ್ಟು ಔಷಧಕ್ಕೇ ಹೋಗಿದ್ದಿತು.

ಮಾತ್ರೆಯು ಹಿಂದೆ ನಾಲ್ಕು ದಿನದ ಮಾತಾಗಿದ್ದಿತು. ಬೇನೆಯು ನೆಂಟನಂತೆ ಬಂದು ಹೋಗುತ್ತಿದ್ದಿತು. ಈಗ ಅದು ಮನೆಯಲ್ಲಿಯೇ ಬಿಡಾರ ಹೂಡಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆಯೆಂದೂ, ವಯಸ್ಕರಲ್ಲಿ ನೂರಕ್ಕೆ ಮೂವತ್ತೈದಕ್ಕಿಂತ ಹೆಚ್ಚು ಮಂದಿಗೆ ರಕ್ತದ ಒತ್ತಡವಿದೆಯೆಂದೂ ಹೇಳಿತು. ಬಾಡಿಗೆ, ವಿದ್ಯುತ್ತಿನ ಬಿಲ್ಲು, ಹಾಲಿನ ಲೆಕ್ಕ ಇವುಗಳ ಸಾಲಿನಲ್ಲಿ ‘ಅಮ್ಮನ ಮಾತ್ರೆ’ ಎಂಬುದೂ ತಿಂಗಳ ಪಟ್ಟಿಯಲ್ಲಿ ಸೇರಿಕೊಂಡಿದೆ. ಕೈ ಬಿಗಿಯಾದ ತಿಂಗಳು ಮೊದಲು ನಿಲ್ಲುವುದೂ ಅದೇ. ನಿಲ್ಲಿಸಿದವಳು ಸ್ವತಃ ಅಮ್ಮನೇ ಆಗಿರುತ್ತಾಳೆ, ಯಾರಿಗೂ ಹೇಳಿರುವುದಿಲ್ಲ.

ರಜೆಯ ಅರ್ಜಿಯ ಪ್ರಸಂಗವಾದ ಮೇಲೆ ನಾನು ನಾಮಪದದ ಪಾಠವನ್ನು ಬೇರೆ ವಿಧದಿಂದ ಮಾಡುತ್ತಿದ್ದೇನೆ. ಮನೆಯಲ್ಲಿ ಬಳಸಿ ಮುಗಿದ ಮಾತ್ರೆಯ ಶೀಟುಗಳನ್ನು ತರಲು ಹೇಳುತ್ತೇನೆ. ದೊಡ್ಡಕ್ಷರದಲ್ಲಿರುವ ಅಂಕಿತನಾಮವನ್ನೂ, ಅದರ ಕೆಳಗೆ ಇರುವೆಯಂತಿರುವ ಸಣ್ಣಕ್ಷರದ ರೂಢನಾಮವನ್ನೂ, ಅಚ್ಚಾದ ಬೆಲೆಯನ್ನೂ ಮಕ್ಕಳು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅಚ್ಚಾದ ಬೆಲೆಯು ಗರಿಷ್ಠ ಬೆಲೆಯೇ ಹೊರತು ಕಟ್ಟಿಟ್ಟ ಬೆಲೆಯಲ್ಲವೆಂದೂ, ಅದಕ್ಕಿಂತ ಕಡಿಮೆಗೆ ಕೇಳಲು ಅಡ್ಡಿಯಿಲ್ಲವೆಂದೂ ತಿಳಿಸುತ್ತೇನೆ. ವೈದ್ಯರನ್ನು ಕೇಳದೆ ಯಾರ ಮಾತ್ರೆಯನ್ನೂ ನಿಲ್ಲಿಸಕೂಡದು, ಬದಲಿಸಕೂಡದು ಎಂಬುದನ್ನು ಎರಡು ಸಲ ಹೇಳಿಸಿ ಒಪ್ಪಿಸಿಕೊಳ್ಳುತ್ತೇನೆ.

ಕಳೆದ ಸಲ ಒಬ್ಬ ವಿದ್ಯಾರ್ಥಿನಿಯು ತನ್ನ ಅಜ್ಜಿಯ ಮೂರು ಶೀಟುಗಳನ್ನು ತಂದಿದ್ದಳು. ಎರಡರ ಅಂಕಿತನಾಮ ಬೇರೆ ಬೇರೆ. ರೂಢನಾಮ ಮಾತ್ರ ಎರಡರಲ್ಲಿಯೂ ಆಮ್ಲೋಡಿಪಿನ್ ಎಂದೇ ಇದ್ದಿತು. ಒಂದನ್ನು ತಾಲ್ಲೂಕು ಕೇಂದ್ರದ ವೈದ್ಯರೂ, ಇನ್ನೊಂದನ್ನು ಅಜ್ಜಿಯು ಮಗಳ ಊರಿಗೆ ಹೋಗಿದ್ದಾಗ ಅಲ್ಲಿಯವರೂ ಬರೆದುಕೊಟ್ಟಿದ್ದರಂತೆ. ಅಜ್ಜಿಯು ವರ್ಷದಿಂದ ಎರಡನ್ನೂ ನುಂಗುತ್ತಿದ್ದಳು. ಮೂರನೆಯದು ಪಾದಗಳ ಬಾವಿಗೆ. ಹುಡುಗಿಯು ತಾಯಿಯೊಡನೆ ಮೂರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ದಳು. ಆ ಮಾತ್ರೆಯ ಪ್ರಮಾಣ ಹೆಚ್ಚಾದರೆ ಪಾದ ಬಾಯುವುದುಂಟೆಂದು ಹೇಳಿ, ಅಲ್ಲಿಯ ವೈದ್ಯೆಯು ಒತ್ತಡವನ್ನು ಅಳೆದು ನೋಡಿ ಒಂದನ್ನು ನಿಲ್ಲಿಸಿದರು. ಉಳಿದ ಒಂದನ್ನು ಕೇಂದ್ರದಿಂದಲೇ ತಿಂಗಳು ತಿಂಗಳು ಪಡೆಯುವಂತೆ ಚೀಟಿ ಬರೆದರು. ಮೂರು ವಾರಗಳಲ್ಲಿ ಬಾವು ಇಳಿಯಿತು. ಬಾವಿಗೆಂದು ಕೊಳ್ಳುತ್ತಿದ್ದ ಮಾತ್ರೆಯೂ ಆ ಬಳಿಕ ಬೇಕಾಗಲಿಲ್ಲ.